ರೇಡಿಯೇಟರ್ ಕ್ಯಾಪ್ ಪರೀಕ್ಷೆ: ಮಾಡಬೇಕಾದ್ದು, ಮಾಡಬಾರದ್ದು

ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆರೆಯಬೇಡಿ. ಪೂರ್ತಿ ತೆರೆಯುವುದಿರಲಿ, ಕಾಲು ಸುತ್ತು ಸಡಿಲಿಸುವುದೂ ಬೇಡ. ಮೇಲೆ ವೇಸ್ಟ್ ಬಟ್ಟೆ ಹಾಕಿಕೊಂಡು ಬೇಡ, ಒದ್ದೆ ಗೋಣಿಚೀಲ ಹಾಕಿಕೊಂಡೂ ಬೇಡ. ಮುಂದೆ ಹೇಳುವುದರಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಸ್ವಂತ ಕಾರಿನ ಬಾನೆಟ್ ಎತ್ತಿ ನೋಡುವ ಅಭ್ಯಾಸ ಇರುವವರು, ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತಿ ಇಳಿಯುವ ಟ್ಯಾಕ್ಸಿ ಚಾಲಕರು, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಇದನ್ನು ಓದಬೇಕು. ಹೊಲದ ಮಧ್ಯೆ ಟ್ರ್ಯಾಕ್ಟರ್ ನಿಲ್ಲಿಸಿ ರೇಡಿಯೇಟರಿಗೆ ನೀರು ತುಂಬುವ ರೈತರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ರೇಡಿಯೇಟರ್ ಇರುವ ಮೋಟಾರ್ ಸೈಕಲ್‌ಗಳ ಕ್ಯಾಪ್ ಚಿಕ್ಕದಿರಬಹುದು, ಒಳಗಿನ ಬಿಸಿ ಚಿಕ್ಕದಲ್ಲ.

ಇಷ್ಟು ಗಟ್ಟಿಯಾಗಿ ಹೇಳುವುದೇಕೆ

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಇನ್ನೂ ಬೇಗ, ಸುಮಾರು 97 ಡಿಗ್ರಿಗೇ. ಕಾರಿನ ಇಂಜಿನ್ ಸರಿಯಾಗಿ ಓಡುವುದೇ 90ರಿಂದ 105 ಡಿಗ್ರಿ ಬಿಸಿಯಲ್ಲಿ. ಒತ್ತಡ ಕೊಟ್ಟು ಹಿಡಿಯದಿದ್ದರೆ ಒಳಗಿನ ನೀರು ಮೊದಲ ಏರಿನಲ್ಲೇ ಕುದಿದು ಹೊರಗೆ ಬರುತ್ತದೆ. ಆ ಒತ್ತಡವನ್ನು ಹಿಡಿದಿಡುವುದು ಕ್ಯಾಪಿನೊಳಗಿನ ಸ್ಪ್ರಿಂಗು ಮತ್ತು ಅದರ ತುದಿಯ ರಬ್ಬರ್ ಸೀಲು. ನಮ್ಮ ಕಡೆಯ ಬಹಳಷ್ಟು ಕಾರುಗಳ ಕ್ಯಾಪಿನ ಮೇಲೆ 0.9 ಅಥವಾ 1.1 ಎಂಬ ಅಂಕಿ ಅಚ್ಚಾಗಿರುತ್ತದೆ. ಒಳಗೆ ಎಷ್ಟು ಬಾರ್ ಒತ್ತಡ ಏರಿದ ಮೇಲೆ ಸ್ಪ್ರಿಂಗು ದಾರಿ ಬಿಡುತ್ತದೆ ಎಂಬುದರ ಅಳತೆ ಅದು.

1 ಬಾರ್ ಹೆಚ್ಚುವರಿ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ. ಅಡುಗೆಮನೆಯ ಕುಕ್ಕರ್ ವಿಸಿಲ್ ಹಾಕುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಒಲೆಯ ಮೇಲಿನ ಕುಕ್ಕರಿನ ಮುಚ್ಚಳವನ್ನು ಬಲವಂತವಾಗಿ ಎಳೆಯಲು ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಬಾನೆಟ್ ಕೆಳಗೆ ಮಾತ್ರ ಹೋಗುತ್ತೇವೆ.

ತೆರೆದರೆ ಆಗುವುದೇನು ಎಂದು ಲೆಕ್ಕ ಹಾಕಿ ನೋಡಿ. ಒಳಗೆ 5 ಲೀಟರ್ ನೀರು 120 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಕ್ಯಾಪ್ ಸಡಿಲವಾದ ಕ್ಷಣ ಒತ್ತಡ ಇಳಿಯುತ್ತದೆ, ನೀರು 100 ಡಿಗ್ರಿಗೆ ಬರಲೇಬೇಕಾಗುತ್ತದೆ. ಹೆಚ್ಚಿಗೆ ಉಳಿದ ಬಿಸಿಯೆಲ್ಲ ನೀರಿನ ಒಂದು ಭಾಗವನ್ನು ಅಲ್ಲೇ ಹಬೆಯಾಗಿಸುತ್ತದೆ. ಆ ಭಾಗ 200 ಗ್ರಾಮಿಗಿಂತ ಕಡಿಮೆ. ಆದರೆ ನೀರು ಹಬೆಯಾದಾಗ 1,600 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಒಂದು ಲೋಟದಷ್ಟು ನೀರು 300 ಲೀಟರ್ ಹಬೆಯಾಗಿ, ಉಳಿದ ಕುದಿನೀರನ್ನೂ ಹೊತ್ತುಕೊಂಡು, ಕಿರಿದಾದ ಬಾಯಿಯಿಂದ ಮೇಲಕ್ಕೆ ಚಿಮ್ಮುತ್ತದೆ. ತೆರೆಯುವವರ ಮುಖ ಆಗ ಸರಿಯಾಗಿ ಅದರ ಮೇಲೆ ಬಾಗಿರುತ್ತದೆ. 60 ಡಿಗ್ರಿ ನೀರು ಐದು ಸೆಕೆಂಡಿನಲ್ಲಿ ವಯಸ್ಕರ ಚರ್ಮವನ್ನು ಆಳಕ್ಕೆ ಸುಡಬಲ್ಲದು, 70 ಡಿಗ್ರಿಗೆ ಒಂದು ಸೆಕೆಂಡು ಸಾಕು. ಇದು 100 ಡಿಗ್ರಿ. ಕೈ ಹಿಂದೆಳೆದುಕೊಳ್ಳುವಷ್ಟು ಸಮಯವೇ ಇರುವುದಿಲ್ಲ.

ಗೋಣಿಚೀಲ ಇದನ್ನು ತಡೆಯುವುದಿಲ್ಲ. ಕುದಿನೀರನ್ನು ಹೀರಿಕೊಂಡು ಕೈಗೆ ಅಂಟಿಕೊಳ್ಳುತ್ತದೆ.

ಯಾವ ಕ್ಯಾಪು ಎಂದು ಮೊದಲು ಗುರುತಿಸಿ

ಕೆಲವು ಕಾರುಗಳಲ್ಲಿ ರೇಡಿಯೇಟರಿನ ಕುತ್ತಿಗೆಯ ಮೇಲೇ ಲೋಹದ ಕ್ಯಾಪ್ ಇರುತ್ತದೆ, ಪಕ್ಕದಲ್ಲಿ ತೆಳುವಾದ ಪೈಪು ಹೋಗುವ ಪ್ಲಾಸ್ಟಿಕ್ ಬಾಟಲಿ. ಆ ಬಾಟಲಿಯಲ್ಲಿ ಒತ್ತಡ ಇರುವುದಿಲ್ಲ, ಅದರ ಮುಚ್ಚಳ ಒತ್ತಿ ಕೂರಿಸಿದ್ದಷ್ಟೇ. ಇನ್ನು ಕೆಲವು ಕಾರುಗಳಲ್ಲಿ ರೇಡಿಯೇಟರಿನ ಮೇಲೆ ಕ್ಯಾಪೇ ಇರುವುದಿಲ್ಲ. ದಪ್ಪ ಹೋಸ್ ಪೈಪುಗಳು ಬಂದು ಸೇರುವ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ, ಅದಕ್ಕೆ ಮರೆ ತಿರುಗಿಸಿ ಕೂರಿಸುವ ಕ್ಯಾಪು. ಇಡೀ ಒತ್ತಡ ಇರುವುದು ಅದರಲ್ಲೇ.

ಎಷ್ಟೋ ಜನ ಎಡವುವುದು ಇಲ್ಲಿಯೇ. ರೇಡಿಯೇಟರ್ ಕ್ಯಾಪಿಗೆ ಹೆದರುವವರೂ ಪ್ಲಾಸ್ಟಿಕ್ ಟ್ಯಾಂಕನ್ನು ಬಾಟಲಿ ತಾನೇ ಎಂದು ತಿರುಗಿಸಿಬಿಡುತ್ತಾರೆ. ಕ್ಯಾಪಿನ ಮೇಲೆ ಒತ್ತಡದ ಅಂಕಿ ಇದ್ದರೆ, ಅಥವಾ ಎಚ್ಚರಿಕೆಯ ಗುರುತು ಇದ್ದರೆ, ಅದು ಯಾವ ಬಣ್ಣದ್ದಾಗಿರಲಿ, ಯಾವ ವಸ್ತುವಿನದ್ದಾಗಿರಲಿ, ಒತ್ತಡದ ಕ್ಯಾಪೇ. ಹೈಬ್ರಿಡ್ ಕಾರುಗಳಲ್ಲಿ ಇಂಜಿನ್ನಿಗೊಂದು, ವಿದ್ಯುತ್ ಉಪಕರಣಗಳಿಗೊಂದು ಎಂದು ಎರಡು ಪ್ರತ್ಯೇಕ ಕೂಲೆಂಟ್ ಟ್ಯಾಂಕ್‌ಗಳಿರಬಹುದು. ಕೈಪಿಡಿ ನೋಡದೆ ಅಲ್ಲಿ ಯಾವುದನ್ನೂ ಮುಟ್ಟಬೇಡಿ. ಕಿತ್ತಳೆ ಬಣ್ಣದ ವೈರುಗಳಿಂದ ದೂರವಿರಿ.

ಕಾಯುವುದು

ಇಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಷ್ಟೋ ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಆದ್ದರಿಂದ ಬೆರಳು, ಟೈ, ದುಪಟ್ಟಾ, ಶಾಲಿನ ಸೆರಗು ಅದರ ಹತ್ತಿರ ಸುಳಿಯಬಾರದು. ಹೈಬ್ರಿಡ್ ಕಾರಿನಲ್ಲಿ ಇಂಜಿನ್ನೇ ತಾನಾಗಿ ಚಾಲೂ ಆಗಬಹುದು, ವಾಹನ ಪೂರ್ತಿ ಆಫ್ ಆಗಿದೆ ಎಂದು ಖಚಿತಪಡಿಸಿಕೊಳ್ಳಿ.

ನಿಲ್ಲಿಸಿದ ಕೂಡಲೇ ಇಂಜಿನ್ ತಣಿಯಲು ಶುರುವಾಗುತ್ತದೆ ಎಂದು ನಂಬಬೇಡಿ. ಪಂಪು ನಿಂತಿರುತ್ತದೆ, ನೀರು ಓಡುತ್ತಿರುವುದಿಲ್ಲ. ಕಬ್ಬಿಣ ಅಲ್ಯೂಮಿನಿಯಂಗಳಲ್ಲಿ ಕೂತ ಬಿಸಿ ನಿಂತ ನೀರಿಗೆ ಇಳಿದು, ಮೊದಲ ಕೆಲವು ನಿಮಿಷ ನೀರಿನ ಬಿಸಿ ಇನ್ನೂ ಏರುತ್ತದೆ. ಟೆಂಪರೇಚರ್ ಮುಳ್ಳು ಕೆಳಗೆ ಬಿದ್ದಿದೆ ಎನ್ನುವುದಕ್ಕೂ ಅರ್ಥವಿಲ್ಲ, ಕೀ ತೆಗೆದರೆ ಮುಳ್ಳು ಬೀಳಲೇಬೇಕು.

ಕ್ಯಾಪ್ ಪರೀಕ್ಷೆ ಅವಸರದ ಕೆಲಸವಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಮೊದಲು ಮಾಡುವ ಕೆಲಸ ಅದಾಗಲಿ. ಗ್ಯಾರೇಜಿಗೆ ಓಡಿಸಿಕೊಂಡು ಬಂದ ಗಾಡಿಯಾದರೆ ಬಿಟ್ಟು ಹೋಗಲು ಹೇಳಿ, ಮಾಲೀಕರು ಕುರ್ಚಿ ಹಾಕಿಕೊಂಡು ಕಾದರೂ ಒಪ್ಪಬೇಡಿ. ರಸ್ತೆಯಲ್ಲಿ ಬೇರೆ ದಾರಿ ಇಲ್ಲದೆ ತೆರೆಯಲೇಬೇಕಾದರೆ ಕನಿಷ್ಠ ಒಂದು ಗಂಟೆ ಕಾಯಿರಿ. ಗಡಿಯಾರಕ್ಕಿಂತ ಮೇಲಿನ ಹೋಸ್ ಪೈಪು ಹೇಳುವುದನ್ನು ಹೆಚ್ಚು ನಂಬಿ. ಮೊದಲು ಅಂಗೈಯ ಹಿಂಭಾಗವನ್ನು ಹತ್ತಿರ ಒಯ್ಯಿರಿ. ಬಿಸಿ ತಾಗದಿದ್ದರೆ ಪೈಪನ್ನು ಮುಟ್ಟಿ. ತಣ್ಣಗಿದ್ದರೆ ಮೆಲ್ಲಗೆ ಹಿಸುಕಿ. ಸುಲಭವಾಗಿ ಅದುಮಿದರೆ ಒತ್ತಡ ಇಳಿದಿದೆ. ಬಿಗಿಯಾಗಿದ್ದರೆ ಇಳಿದಿಲ್ಲ.

ತಣ್ಣಗಿದ್ದೂ ಪೈಪು ಬಿಗಿಯಾಗಿದ್ದರೆ? ಅಂಥ ಗಾಡಿಗಳಿವೆ. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಬೆಳಿಗ್ಗೆಯೂ ಒತ್ತಡ ಉಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ಸೇರುತ್ತಿರಬಹುದು. ಸುಡದಿದ್ದರೂ ಅದು ಕಣ್ಣಿಗೆ ಚಿಮ್ಮಬಹುದು. ಆದ್ದರಿಂದ ತಣ್ಣನೆಯ ಇಂಜಿನ್ನಿನಲ್ಲೂ ಕನ್ನಡಕ ಹಾಕಿಕೊಂಡು, ದಪ್ಪ ಬಟ್ಟೆ ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿಯೇ ತೆರೆಯಿರಿ. ಕುತ್ತಿಗೆಯ ಕ್ಯಾಪಾದರೆ ಕೆಳಗೆ ಒತ್ತದೆ ಮೊದಲ ತಡೆಯವರೆಗೆ ತಿರುಗಿಸಿ ನಿಲ್ಲಿಸಿ. ಬುಸ್ ಎಂದು ಸದ್ದು ಬಂದರೆ ಅದು ಪೂರ್ತಿ ನಿಲ್ಲುವವರೆಗೆ ಕೈ ಅಲ್ಲಾಡಿಸಬೇಡಿ. ಆಮೇಲೆ ಒತ್ತಿ ತಿರುಗಿಸಿ ತೆಗೆಯಿರಿ.

ಆ ಮೊದಲ ತಡೆ ಬಿಸಿ ಇಂಜಿನ್ನಿನ ಒತ್ತಡ ಇಳಿಸಲೆಂದೇ ಇರುವುದು ಎಂದು ಹೇಳಿಕೊಡುವವರಿದ್ದಾರೆ. ಅವರ ಮಾತು ಕೇಳಬೇಡಿ. ಎಚ್ಚರ ತಪ್ಪಿದ ಕೈಯನ್ನು ಕಾಪಾಡಲು ಇಟ್ಟ ಕೊನೆಯ ಅಡ್ಡಗೋಡೆ ಅದು, ದಿನಬಳಕೆಯ ಬಾಗಿಲಲ್ಲ.

ಕಣ್ಣಲ್ಲಿ ನೋಡಬೇಕಾದ್ದು

ಕ್ಯಾಪು ಕೈಗೆ ಬಂದ ಮೇಲೆ ಶುದ್ಧ ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಕೆಳಗಿನ ದೊಡ್ಡ ರಬ್ಬರ್ ವಾಶರಿನ ಮೇಲೆ ಬೆರಳು ಆಡಿಸಿ. ಬಿರುಕು, ಊದಿಕೊಂಡ ಜಾಗ, ಕುತ್ತಿಗೆಯ ಅಂಚು ಕೂತು ಬಿದ್ದ ಆಳವಾದ ಗೆರೆ ಇದ್ದರೆ ಪರೀಕ್ಷೆಯ ಅಗತ್ಯವೇ ಇಲ್ಲ, ಆ ಕ್ಯಾಪು ಮುಗಿಯಿತು. ಬೋರ್‌ವೆಲ್ ನೀರು ತುಂಬುತ್ತ ಬಂದ ಗಾಡಿಗಳಲ್ಲಿ ಸ್ಪ್ರಿಂಗಿನ ಸುತ್ತ ಬಿಳಿ ಗಾರೆ ಕಟ್ಟಿರುತ್ತದೆ. ಗಡಸು ನೀರಿನ ಸುಣ್ಣ ಅದು. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ಕ್ಯಾಪನ್ನು ಉಳಿಸಿಕೊಳ್ಳಲು ಹೋಗಬೇಡಿ, ಕೆರೆಯುವಾಗ ಸೀಲು ಹರಿಯುತ್ತದೆ.

ವಾಶರಿನ ನಡುವೆ ಪುಟ್ಟ ಬಿಲ್ಲೆಯೊಂದಿರುತ್ತದೆ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಇಂಜಿನ್ ತಣಿಯುವಾಗ ಒಳಗಿನ ನೀರು ಕುಗ್ಗಿ ನಿರ್ವಾತ ಉಂಟಾಗುತ್ತದೆ. ಆಗ ಈ ಬಿಲ್ಲೆ ತೆರೆದು, ಬಾಟಲಿಗೆ ಹೋಗಿದ್ದ ಕೂಲೆಂಟನ್ನು ಮತ್ತೆ ರೇಡಿಯೇಟರಿಗೆ ಎಳೆದುಕೊಳ್ಳಲು ಬಿಡುತ್ತದೆ. ಉಗುರಿನಿಂದ ಮೆಲ್ಲಗೆ ಎಳೆದು ಬಿಡಿ, ಟಕ್ಕನೆ ಸ್ವಸ್ಥಾನಕ್ಕೆ ಕೂರಬೇಕು. ಅಂಟಿಕೊಂಡಿದ್ದರೆ ಬೆಳಿಗ್ಗೆ ಮೇಲಿನ ಹೋಸ್ ಪೈಪು ಹೀರಿಕೊಂಡು ಚಪ್ಪಟೆಯಾಗಿರುತ್ತದೆ. ಪೈಪು ಹಾಳಾಗಿದೆ ಎಂದು ಅದನ್ನೇ ಬದಲಿಸಿ ಹಣ ಕಳೆದುಕೊಂಡವರು ಬಹಳ. ಬಾಟಲಿ ತುಂಬಿ ಚೆಲ್ಲುತ್ತಿದ್ದು ರೇಡಿಯೇಟರಿನಲ್ಲಿ ಮಾತ್ರ ನೀರು ಕಡಿಮೆಯಾಗುತ್ತಿದ್ದರೂ ಮೊದಲ ಅನುಮಾನ ಕ್ಯಾಪಿನ ಮೇಲೆ ಇರಲಿ. ಥರ್ಮೋಸ್ಟಾಟ್, ವಾಟರ್ ಪಂಪ್‌ಗಳ ಮಾತು ಆಮೇಲೆ. ಎಲ್ಲಕ್ಕಿಂತ ಅಗ್ಗದ ಭಾಗವನ್ನು ಎಲ್ಲಕ್ಕಿಂತ ಕೊನೆಗೆ ನೋಡುವ ಪದ್ಧತಿ ಬಿಡಿ.

ಗೇಜಿನಲ್ಲಿ ನೋಡಬೇಕಾದ್ದು

ಕಣ್ಣಿಗೆ ಚೆನ್ನಾಗಿ ಕಂಡ ಕ್ಯಾಪೂ ಒತ್ತಡ ಹಿಡಿಯದೆ ಇರಬಹುದು. ಸ್ಪ್ರಿಂಗು ಸೋತಿದೆಯೇ ಎಂದು ಬೆರಳಿನಿಂದ ಒತ್ತಿ ತಿಳಿಯುವುದಿಲ್ಲ. ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಬೇಕು: ಒಂದು ಕೈಪಂಪು, ಗೇಜು, ಬೇರೆ ಬೇರೆ ಕ್ಯಾಪಿಗೆ ಬೇರೆ ಬೇರೆ ಅಡಾಪ್ಟರು. ನಿಮ್ಮಲ್ಲಿ ಇಲ್ಲದಿದ್ದರೆ ಇರುವ ಗ್ಯಾರೇಜಿಗೆ ಹೋಗಿ, ಗೇಜು ಹಾಕಿ ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಕ್ಯಾಪಿಗೆ ಹೊಂದುವ ಅಡಾಪ್ಟರನ್ನೇ ಹಾಕಿ, ಬಟ್ಟೆ ಸುತ್ತಿ ಬಿಗಿ ಮಾಡಬೇಡಿ. ರಬ್ಬರನ್ನು ಕೂಲೆಂಟಿನಲ್ಲಿ ಅದ್ದಿ ಕೂರಿಸಿ, ಒಣ ರಬ್ಬರು ಸುಳ್ಳು ಸೋರಿಕೆ ತೋರಿಸುತ್ತದೆ. ಕ್ಯಾಪಿನ ಮೇಲಿನ ಅಂಕಿ ಯಾವ ಅಳತೆಯಲ್ಲಿದೆ, ಗೇಜು ಯಾವ ಅಳತೆಯಲ್ಲಿದೆ ಎಂದು ಪಂಪು ಒತ್ತುವ ಮೊದಲೇ ನೋಡಿಕೊಳ್ಳಿ. 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಸುಮಾರು 14.5 ಪಿಎಸ್‌ಐ. 0.9 ಕ್ಯಾಪು ಸುಮಾರು 13 ಪಿಎಸ್‌ಐ, 1.1 ಕ್ಯಾಪು ಸುಮಾರು 16 ಪಿಎಸ್‌ಐ. ಕ್ಯಾಪಿನ ಮೇಲೆ 88 ಅಥವಾ 108 ಎಂದಿದ್ದರೆ ಅದು ಕಿಲೋಪಾಸ್ಕಲ್. ಅದನ್ನು ಪಿಎಸ್‌ಐ ಎಂದುಕೊಂಡು ಪಂಪು ಒತ್ತಿದರೆ ಏಳು ಪಟ್ಟು ಒತ್ತಡ ಕೊಟ್ಟಂತಾಗುತ್ತದೆ.

ನಿಧಾನವಾಗಿ ಪಂಪು ಮಾಡಿ. ಅಂಕಿ ಹತ್ತಿರ ಬಂದಾಗ ಇನ್ನೂ ನಿಧಾನ. ಮುಳ್ಳು ಏರುವುದು ನಿಂತು ಸಣ್ಣಗೆ ಗಾಳಿ ಬಿಡುವ ಜಾಗವೇ ಕ್ಯಾಪು ತೆರೆಯುವ ಒತ್ತಡ, ಅದನ್ನು ಬರೆದುಕೊಳ್ಳಿ. ಪಂಪು ನಿಲ್ಲಿಸಿ ಮುಳ್ಳನ್ನು ನೋಡುತ್ತಿರಿ. ಎಷ್ಟು ಹೊತ್ತು ಹಿಡಿಯಬೇಕು, ಎಷ್ಟು ಆಚೀಚೆ ಆಗಬಹುದು ಎಂಬುದು ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ, ಅದನ್ನೇ ಅನುಸರಿಸಿ. ಹೊಸ ಕ್ಯಾಪು ಕೂಡ ಅಂಕಿಗೆ ಕೂದಲೆಳೆಯಷ್ಟು ಸರಿಯಾಗಿ ತೆರೆಯುವುದಿಲ್ಲ, ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಮೊದಲ ಸಲ ಅಂಟಿಕೊಂಡ ರಬ್ಬರು ತಪ್ಪು ಅಂಕಿ ಕೊಡಬಹುದಾದ್ದರಿಂದ ಮೂರು ಸಲ ಮಾಡಿ ನೋಡಿ.

1.1ರ ಕ್ಯಾಪು 0.6ಕ್ಕೇ ಬಿಟ್ಟುಕೊಟ್ಟರೆ ಎಸೆಯಿರಿ. 1.1 ದಾಟಿ ಸಾಕಷ್ಟು ಮೇಲೆ ಹೋದರೂ ತೆರೆಯದಿದ್ದರೆ ಪಂಪು ಅಲ್ಲೇ ನಿಲ್ಲಿಸಿ, ಅದನ್ನೂ ಎಸೆಯಿರಿ. ಎರಡರಲ್ಲಿ ಹೆಚ್ಚು ಅಪಾಯದ್ದು ಈ ಎರಡನೆಯದು. ಮೊದಲನೆಯದು ನೀರು ಚೆಲ್ಲಿ ನಿಮಗೆ ತಿಳಿಸುತ್ತದೆ. ಇದು ಏನೂ ತಿಳಿಸದೆ ರೇಡಿಯೇಟರನ್ನೋ ಹೋಸ್ ಪೈಪನ್ನೋ ಒಡೆಯುತ್ತದೆ.

ಅದೇ ಪಂಪನ್ನು ಕುತ್ತಿಗೆಗೆ ಹಾಕಿ ಇಡೀ ವ್ಯವಸ್ಥೆಯ ಸೋರಿಕೆ ನೋಡಬಹುದು. ಇಂಜಿನ್ ತಣ್ಣಗಿರಬೇಕು, ಕೂಲೆಂಟ್ ತುಂಬಿರಬೇಕು, ಒತ್ತಡ ಕ್ಯಾಪಿನ ಅಂಕಿಯನ್ನು ಮೀರಬಾರದು. ಮುಳ್ಳು ಇಳಿಯುತ್ತಿದ್ದರೆ ಕ್ಲ್ಯಾಂಪುಗಳು, ವಾಟರ್ ಪಂಪಿನ ಕೆಳಭಾಗ, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರುವ ಜಾಗ, ಇವನ್ನು ಟಾರ್ಚು ಹಾಕಿ ನೋಡಿ. ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದರೆ ಹೀಟರ್ ಸೋರುತ್ತಿದೆ. ಮುಗಿದ ಮೇಲೆ ಟೆಸ್ಟರಿನ ವಾಲ್ವಿನಿಂದ ಒತ್ತಡ ಪೂರ್ತಿ ಇಳಿಸಿ, ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಅಡಾಪ್ಟರು ತೆಗೆಯಿರಿ.

ಯಾವ ಕಾರಣಕ್ಕೂ ಮಾಡಬಾರದ್ದು

ಗ್ಯಾರೇಜಿನ ಕಂಪ್ರೆಸರ್ ಗಾಳಿ ಕೊಟ್ಟು ಕ್ಯಾಪನ್ನಾಗಲಿ ರೇಡಿಯೇಟರನ್ನಾಗಲಿ ಪರೀಕ್ಷಿಸಬಾರದು. ಆ ಲೈನಿನಲ್ಲಿ 6 ಬಾರ್‌ಗೂ ಹೆಚ್ಚು ಒತ್ತಡ ಇರುತ್ತದೆ, ರೇಡಿಯೇಟರ್ ಮಾಡಿರುವುದು ಅದರ ಕಾಲುಭಾಗವನ್ನು ತಡೆಯಲು.

ಇಂಜಿನ್ ಚಾಲೂ ಇಟ್ಟು ಕ್ಯಾಪ್ ತೆರೆದು, ನೀರು ಮೇಲೆ ಬರುತ್ತದೆಯೇ ಎಂದು ಇಣುಕುವುದು ಪರೀಕ್ಷೆಯಲ್ಲ. ಬಿಸಿ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಸುಕುವುದೂ ಅಲ್ಲ.

ಗಾಡಿ ಹೀಟ್ ಆಗುತ್ತದೆ ಎಂದು 0.9 ತೆಗೆದು 1.4 ಕ್ಯಾಪು ಹಾಕುವುದು ನಮ್ಮಲ್ಲಿ ಪರಿಹಾರವೆಂದೇ ಚಾಲ್ತಿಯಲ್ಲಿದೆ. ದಯವಿಟ್ಟು ನಿಲ್ಲಿಸಿ. ಕ್ಯಾಪು ಇಂಜಿನ್ನಿನ ಬಿಸಿಯನ್ನು ಒಂದು ಡಿಗ್ರಿಯೂ ಇಳಿಸುವುದಿಲ್ಲ, ಕುದಿಯುವ ಹಂತವನ್ನು ಮಾತ್ರ ಮುಂದಕ್ಕೆ ತಳ್ಳುತ್ತದೆ. ಕಟ್ಟಿಕೊಂಡ ರೇಡಿಯೇಟರು, ತಿರುಗದ ಫ್ಯಾನು ಹಾಗೇ ಇರುತ್ತವೆ. ಹೆಚ್ಚಾದ ಒತ್ತಡ ಹಳೆಯ ಪ್ಲಾಸ್ಟಿಕ್ ಟ್ಯಾಂಕನ್ನು ಸೀಳುತ್ತದೆ, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಒಡೆದರೆ ಕುದಿನೀರು ಓಡಿಸುವವರ ಪಾದದ ಮೇಲೇ ಬೀಳುತ್ತದೆ. ಕಾರು ತಯಾರಕರು ಹೇಳಿದ ಅಂಕಿಯ ಕ್ಯಾಪನ್ನೇ ಹಾಕಿ. ಅಂಕಿ ಅಚ್ಚಾಗಿಲ್ಲದ ಡೂಪ್ಲಿಕೇಟ್ ಕ್ಯಾಪು ಬೇಡ.

ಕ್ಯಾಪು ಬಿಸಾಡಿ ಬಟ್ಟೆ ತುರುಕಿಕೊಂಡು ಗ್ಯಾರೇಜಿನವರೆಗೆ ಹೋಗೋಣ ಎನ್ನುವುದು ಇನ್ನೂ ಕೆಟ್ಟದ್ದು.

ಘಾಟಿಯಲ್ಲಿ ಹೀಟ್ ಆದರೆ

ಮುಳ್ಳು ಕೆಂಪಿನತ್ತ ಹೋದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಹಾಕಿ. ಸೆಖೆಯಾಗುತ್ತದೆ, ಆದರೆ ಇಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಹೋಗುತ್ತದೆ. ತಿರುವಿನಲ್ಲಲ್ಲ, ಹಿಂದಿನ ಲಾರಿಗೆ ದೂರದಿಂದ ಕಾಣುವ ಅಗಲ ಜಾಗದಲ್ಲಿ ನಿಲ್ಲಿಸಿ. ಹಜಾರ್ಡ್ ಲೈಟ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಜನರನ್ನು ರಸ್ತೆಯ ಕಡೆಗಲ್ಲದೆ ಒಳಬದಿಗೆ ಇಳಿಸಿ. ಟೈರಿಗೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಅದನ್ನು ತೆಗೆದು ಬದಿಗೆ ಹಾಕಿ ಹೋಗಿ, ರಾತ್ರಿ ಬೈಕಿನಲ್ಲಿ ಬರುವವರಿಗೆ ಆ ಕಲ್ಲು ಕಾಣುವುದಿಲ್ಲ.

ಹಬೆ ಬರುತ್ತಿದ್ದರೆ ಇಂಜಿನ್ ನಿಲ್ಲಿಸಿ. ಹಬೆ ಪೂರ್ತಿ ಅಡಗುವವರೆಗೆ ಬಾನೆಟ್ಟನ್ನೂ ಎತ್ತಬೇಡಿ. ಪಕ್ಕದ ಝರಿಯ ತಣ್ಣೀರು ತಂದು ಇಂಜಿನ್ ಮೇಲೆ ಸುರಿಯಬೇಡಿ, ಕಾದ ಅಲ್ಯೂಮಿನಿಯಂ ಹೆಡ್ಡು ಬಿರುಕು ಬಿಡಬಹುದು. ಸಹಾಯಕ್ಕೆ ನಿಂತವರು ಒಳ್ಳೆಯ ಮನಸ್ಸಿನಿಂದಲೇ ‘ಕ್ಯಾಪ್ ತೆಗೀರಿ ಸಾರ್, ಗಾಳಿ ಹೋಗ್ಲಿ’ ಎನ್ನುತ್ತಾರೆ. ಬೇಡ ಎಂದು ಖಡಾಖಂಡಿತ ಹೇಳಿ, ಅವರೇ ಕೈ ಹಾಕಲು ಬಂದರೆ ತಡೆಯಿರಿ. ಪೂರ್ತಿ ತಣಿದ ಮೇಲೆ ತುರ್ತಿಗೆ ಕುಡಿಯುವ ನೀರು ತುಂಬಿ ಹೋಗಬಹುದು, ಊರು ತಲುಪಿದ ಮೇಲೆ ಸರಿಯಾದ ಕೂಲೆಂಟ್ ಹಾಕಿಸಿ.

ಸುಟ್ಟರೆ

ಸುಟ್ಟ ಜಾಗದ ಮೇಲೆ ಕೂಡಲೇ ತಣ್ಣನೆಯ ನೀರು ಹರಿಸಿ. ಎರಡು ನಿಮಿಷವಲ್ಲ, 20 ನಿಮಿಷ. ಉಂಗುರ, ಬಳೆ, ವಾಚುಗಳನ್ನು ಊತ ಬರುವ ಮೊದಲೇ ತೆಗೆಯಿರಿ. ನೆನೆದ ಬಟ್ಟೆ ಸಡಿಲವಾಗಿದ್ದರೆ ತೆಗೆಯಿರಿ, ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ. ಐಸ್, ಟೂತ್‌ಪೇಸ್ಟ್, ಅರಿಶಿನ, ಇಂಕು, ಎಣ್ಣೆ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಶುದ್ಧ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ 108ಕ್ಕೆ ಕರೆ ಮಾಡಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ ಗಾಯ ಚಿಕ್ಕದಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕಣ್ಣಿಗೆ ಕೂಲೆಂಟ್ ಬಿದ್ದರೆ ದಾರಿಯುದ್ದಕ್ಕೂ ನೀರು ಹನಿಸುತ್ತಲೇ ಒಯ್ಯಿರಿ.

ಚೆಲ್ಲಿದ ಕೂಲೆಂಟನ್ನು ಹಾಗೇ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಬೀದಿನಾಯಿ ನೆಕ್ಕುತ್ತದೆ, ಮಕ್ಕಳು ಬೆರಳದ್ದಿ ಬಾಯಿಗಿಡುತ್ತಾರೆ. ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ತೆಗೆಯಿರಿ, ಚರಂಡಿಗೆ ತೊಳೆಯಬೇಡಿ. ಹಳೆಯ ಕೂಲೆಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ.

ಗ್ಯಾರೇಜು ನಡೆಸುವವರಲ್ಲಿ ಒಂದು ವಿನಂತಿ. ಬಿಸಿ ಗಾಡಿ ಬಂದಾಗ ‘ಲೇ, ಕ್ಯಾಪ್ ತೆಗೀ’ ಎಂದು ಹೊಸ ಹುಡುಗನನ್ನು ಕಳಿಸಬೇಡಿ. ಅವನು ನಿಮ್ಮ ಮಾತಿಗೆ ಎದುರಾಡುವುದಿಲ್ಲ, ಒಳಗೆ ಏನಿದೆ ಎಂದು ಅವನಿಗೆ ಗೊತ್ತೂ ಇರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಟೆಸ್ಟರನ್ನು ಅವನ ಕೈಗೆ ಕೊಟ್ಟು ತಣ್ಣನೆಯ ಗಾಡಿಯಲ್ಲಿ ತೋರಿಸಿಕೊಡಿ, ಒಂದು ಕನ್ನಡಕವನ್ನೂ ಕೊಡಿ. ಗಿರಾಕಿಗೆ ಅವಸರವಿದ್ದರೆ ನಾಳೆ ಬೆಳಿಗ್ಗೆ ಬರಲು ಹೇಳಿ.